ಭಯಸಂಜ್ಞೆಯೂ ಕಾಯೋತ್ಸರ್ಗವೂ



ಚಾತುರ್ಮಾಸದ ದಿನಗಳು ಬಂದೊಡನೆ ಉಜಿರೆಯ ಸುತ್ತಲಿನ ನಮ್ಮ ಮನೆಗಳಲ್ಲಿ ನೋಂಪಿಗಳ ಸಿದ್ಧತೆ ಪ್ರಾರಂಭವಾಗುತ್ತದೆ. ಹೊರಗೆ ಎಡೆಬಿಡದ ಮಳೆ ಸುರಿಯುತ್ತಿರಲು, ಒಳಗೆ ಹಿರಿಯರು ಕುಳಿತು ಈ ವರ್ಷ ಯಾರು ಯಾವ ವ್ರತವನ್ನು ಹಿಡಿಯಬೇಕೆಂದು ಮಾತನಾಡಿಕೊಳ್ಳುತ್ತಾರೆ. ಉಪವಾಸದ ವಿಧಿ, ಪೂಜಾದ್ರವ್ಯ, ಪಾರಣೆಯ ಕ್ರಮ ಇವುಗಳನ್ನು ಬಲ್ಲವರಿಂದ ಕೇಳಿ ತಿಳಿಯುವವರು ಬಹಳ ಮಂದಿ. ಆದರೆ ವ್ರತ ಹಿಡಿದವರಲ್ಲಿ ಕೆಲವರು ಯಾರೊಡನೆಯೂ ಹೇಳಿಕೊಳ್ಳಲಾರದೆ ಅನುಭವಿಸುವ ಒಂದು ಸಂಕಟವುಂಟು. ಅದರ ವಿಷಯವಾಗಿ ಇಂದು ಸ್ವಲ್ಪ ವಿಚಾರ ಮಾಡೋಣ.

ಅನಂತ ಚತುರ್ದಶಿಯ ಉಪವಾಸದ ರಾತ್ರಿ ಎಂದು ಭಾವಿಸಿರಿ. ಮನೆಯ ಸೊಸೆ ಹಗಲೆಲ್ಲ ಬಸದಿಯಲ್ಲಿದ್ದು ಬಂದು ಮಲಗಿದ್ದಾಳೆ. ತೋಟದ ಅಡಕೆಗೆ ಕೊಳೆರೋಗ ಬಂದಿದೆ, ತೀರಿಸಬೇಕಾದ ಸಾಲವಿದೆ, ದೂರದ ಊರಿನಲ್ಲಿರುವ ಮಗನಿಂದ ಎರಡು ದಿನಗಳಿಂದ ಸುದ್ದಿಯಿಲ್ಲ. ಕಣ್ಣು ಮುಚ್ಚಿದೊಡನೆ ಎದೆ ಡವಡವನೆ ಹೊಡೆದುಕೊಳ್ಳತೊಡಗುತ್ತದೆ. ಉಸಿರು ಮೇಲೆಯೇ ನಿಂತಂತಾಗುತ್ತದೆ. ಅಂಗೈ ಬೆವರುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಹೊಟ್ಟೆಯೊಳಗೆ ಕಲಕಿದಂತಾಗುತ್ತದೆ. ಇನ್ನೇನು ಪ್ರಾಣ ಹೋಗುತ್ತದೆ ಎಂಬ ಭಾವನೆ. ಬೆಳಗ್ಗೆ ಈ ವಿಷಯ ತಿಳಿದ ಹಿರಿಯರೊಬ್ಬರು, "ನಿನ್ನ ಶ್ರದ್ಧೆ ಸಾಲದು ಮಗಳೇ, ಅದಕ್ಕೇ ಹೀಗಾಯಿತು, ಇನ್ನೊಂದು ಉಪವಾಸ ಹಿಡಿ" ಎನ್ನುತ್ತಾರೆ. ಹೇಳಿದವರ ಮನಸ್ಸು ಕೆಟ್ಟದ್ದಲ್ಲ. ಆದರೆ ಆ ಮಾತು ಆಗಮಕ್ಕೆ ಒಪ್ಪುವುದೇ?

ಭಯವೆಂಬುದು ಮೋಹನೀಯ ಕರ್ಮದ ಒಂದು ಪ್ರಕೃತಿ. ಹಾಸ್ಯ, ರತಿ, ಅರತಿ, ಶೋಕ ಮೊದಲಾದ ಒಂಬತ್ತು ನೋಕಷಾಯಗಳಲ್ಲಿ ಅದೂ ಒಂದು. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಸಂಸಾರಿ ಜೀವಿಗಳಲ್ಲಿ ವ್ಯಾಪಿಸಿಕೊಂಡಿವೆ. ಹಸಿವು ಯಾರಿಗೂ ಅಪರಾಧವಾಗದಿರುವಂತೆ ಭಯದ ಉದಯವೂ ಅಪರಾಧವಲ್ಲ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಭಯಸಂಜ್ಞೆ ಹುಟ್ಟಲು ನಾಲ್ಕು ಕಾರಣಗಳನ್ನು ಹೇಳಿದ್ದಾರೆ. 1359ರಲ್ಲಿ ಕೇಶವಣ್ಣನು ಈ ಮಹಾಗ್ರಂಥಕ್ಕೆ ಕನ್ನಡದಲ್ಲಿಯೇ ವೃತ್ತಿಯನ್ನು ಬರೆದನೆಂಬುದು ನಮಗೆ ಅಭಿಮಾನದ ಸಂಗತಿ.

ಆ ನಾಲ್ಕು ಕಾರಣಗಳು ಇವು: ಭಯಂಕರವಾದ ವಸ್ತುವನ್ನು ಕಾಣುವುದು, ಅದರಲ್ಲಿಯೇ ಉಪಯೋಗವನ್ನು ಇಡುವುದು, ಅಂದರೆ ಅದನ್ನೇ ನೆನೆಯುತ್ತಿರುವುದು, ಶಕ್ತಿಹೀನತೆ, ಅಂತರಂಗದಲ್ಲಿ ಭಯಕರ್ಮದ ಉದೀರಣೆ. ಇವುಗಳನ್ನು ಮೇಲೆ ಹೇಳಿದ ಆ ರಾತ್ರಿಗೆ ಹೊಂದಿಸಿ ನೋಡಿರಿ. ಕೊಳೆತು ಉದುರಿದ ಅಡಕೆಯನ್ನು ಆಕೆ ಹಗಲು ಕಂಡಿದ್ದಳು. ಕತ್ತಲೆಯಲ್ಲಿ ಅದನ್ನೂ ಸಾಲವನ್ನೂ ಮಗನನ್ನೂ ಮತ್ತೆ ಮತ್ತೆ ನೆನೆದಳು. ಉಪವಾಸದಿಂದಲೂ ನಿದ್ರೆ ಇಲ್ಲದುದರಿಂದಲೂ ದೇಹದ ಶಕ್ತಿ ಕುಂದಿತ್ತು. ಒಳಗಿನ ಕರ್ಮವು ಉದಯಕ್ಕೆ ಬಂದಿತು. ನಾಲ್ಕರಲ್ಲಿ ಮೂರು ನಮ್ಮ ದಿನಚರಿಗೆ ಸಂಬಂಧಿಸಿದವು; ಅವುಗಳನ್ನು ತಿದ್ದಿಕೊಳ್ಳಲು ನಮಗೆ ಅವಕಾಶವಿದೆ. ನಾಲ್ಕನೆಯದನ್ನು ಸಮತೆಯಿಂದ ಅನುಭವಿಸಿ ನಿರ್ಜರೆ ಮಾಡಿಕೊಳ್ಳಬೇಕಾಗಿದೆ.

ಸಮ್ಯಗ್ದೃಷ್ಟಿಯು ಸಪ್ತಭಯರಹಿತನೆಂದು ಶಾಸ್ತ್ರದಲ್ಲಿದೆಯಲ್ಲ, ಹಾಗಾದರೆ ನಡುಗುವವನಿಗೆ ಸಮ್ಯಕ್ತ್ವವಿಲ್ಲವೇ ಎಂದು ಕೆಲವರು ಕೇಳುವುದುಂಟು. ಇಹಲೋಕ, ಪರಲೋಕ, ವೇದನೆ, ಮರಣ ಮೊದಲಾದ ಏಳು ಭಯಗಳಿಲ್ಲವೆಂದರೆ, ಇವುಗಳಿಂದ ನನ್ನ ಆತ್ಮಸ್ವರೂಪಕ್ಕೆ ಹಾನಿಯಾಗುತ್ತದೆಂಬ ವಿಪರೀತ ನಂಬಿಕೆ ಇಲ್ಲವೆಂದು ತಾತ್ಪರ್ಯ. ನೋಕಷಾಯದ ಉದಯವೇ ನಿಂತುಹೋಯಿತೆಂದು ಅದರ ಅರ್ಥವಲ್ಲ. ಭಯ ನೋಕಷಾಯದ ಉದಯವು ಅಪೂರ್ವಕರಣವೆಂಬ ಎಂಟನೆಯ ಗುಣಸ್ಥಾನದವರೆಗೂ ಇರಬಹುದೆಂದು ಕರ್ಮಸಿದ್ಧಾಂತವು ಹೇಳುತ್ತದೆ. ವ್ರತಿ ಶ್ರಾವಕನದು ಐದನೆಯ ಗುಣಸ್ಥಾನ. ಮಹಾವ್ರತಧಾರಿಗಳಾದ ಮುನಿಗಳದು ಆರು ಮತ್ತು ಏಳು. ಹೀಗಿರುವಾಗ, ಸಂಸಾರದ ಹೊರೆಯನ್ನು ಹೊತ್ತ ಗೃಹಸ್ಥನ ಎದೆ ಒಂದು ರಾತ್ರಿ ಬಡಿದುಕೊಂಡಿತೆಂದು ಅವನ ಶ್ರದ್ಧೆಯನ್ನು ಅಳೆಯಲು ನಾವು ಯಾರು?

ಇನ್ನು ದೇಹದಲ್ಲಿ ನಡೆಯುವುದೇನೆಂಬುದನ್ನು ತಿಳಿಯೋಣ. ಏಕೆಂದರೆ ತಿಳಿಯದಿರುವುದರಿಂದಲೇ ಅರ್ಧ ಭಯ ಬೆಳೆಯುತ್ತದೆ. ಮನಸ್ಸು ಅಪಾಯವೆಂದು ಭಾವಿಸಿದೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹುಲಿಯನ್ನು ಕಂಡವನು ಓಡಬೇಕು ಅಥವಾ ಎದುರಿಸಬೇಕು. ಅದಕ್ಕಾಗಿ ಹೃದಯ ವೇಗವಾಗಿ ಬಡಿಯುತ್ತದೆ, ರಕ್ತವು ಕೈಕಾಲುಗಳ ಸ್ನಾಯುಗಳಿಗೆ ಹರಿಯುತ್ತದೆ, ಬೆವರು ಬರುತ್ತದೆ, ಜೀರ್ಣಕ್ರಿಯೆ ಮಂದವಾಗುತ್ತದೆ. ಹೊಟ್ಟೆ ಕಲಕುವುದು ಇದರಿಂದಲೇ. ಸಾಲದ ಚಿಂತೆಗೂ ಹುಲಿಯ ಭಯಕ್ಕೂ ದೇಹವು ಭೇದವನ್ನೆಣಿಸುವುದಿಲ್ಲ. ಉಸಿರಾಟ ಅತಿಯಾದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ, ಗಾಳಿ ಸಾಲದಂತೆ ತೋರುತ್ತದೆ. ಆಗ ಇನ್ನಷ್ಟು ಬಲವಾಗಿ ಉಸಿರೆಳೆದರೆ ತೊಂದರೆ ಹೆಚ್ಚುತ್ತದೆ. ಇಂಥ ಭಯದ ಆವೇಗವು ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ತುದಿಗೇರಿ, ಆಮೇಲೆ ತಾನಾಗಿಯೇ ಇಳಿಯತೊಡಗುತ್ತದೆ.

ನಮ್ಮ ಪೂರ್ವಾಚಾರ್ಯರು ಕಾಲವನ್ನು ಅಳೆಯಲು ಉಚ್ಛ್ವಾಸವನ್ನು ಬಳಸಿದರು. ಒಂದು ಮುಹೂರ್ತಕ್ಕೆ, ಎಂದರೆ 48 ನಿಮಿಷಗಳಿಗೆ, 3773 ಉಚ್ಛ್ವಾಸಗಳೆಂದು ಗಣನೆ. ನಿಮಿಷಕ್ಕೆ 78ಕ್ಕಿಂತ ಸ್ವಲ್ಪ ಹೆಚ್ಚಾಗುವ ಈ ಸಂಖ್ಯೆ ಆರೋಗ್ಯವಂತನ ನಾಡಿಯ ಬಡಿತಕ್ಕೆ ಹೊಂದುತ್ತದೆ. ಗಮನಿಸಬೇಕಾದುದೇನೆಂದರೆ, ಯಾರ ಉಚ್ಛ್ವಾಸವೆಂದು ಹೇಳುವಾಗ ಸುಖಿಯಾದ, ಆಲಸ್ಯವಿಲ್ಲದ, ರೋಗಬಾಧೆಯಿಲ್ಲದ ಮನುಷ್ಯನದೆಂದು ಅವರು ನಿಯಮ ಮಾಡಿದ್ದಾರೆ. ಬಾಧೆಗೊಳಗಾದವನ ನಾಡಿ ಬೇರೆಯಾಗಿರುತ್ತದೆಂಬುದು ಅವರಿಗೆ ತಿಳಿದಿತ್ತು. ಅವನ ನಾಡಿಯಿಂದ ಕಾಲವನ್ನು ಅಳೆಯಲಿಲ್ಲ. ನಾವು ಅವನ ಧರ್ಮವನ್ನೂ ಅಳೆಯಬಾರದು.

ಕರ್ಮದ ಉದಯ ನಮ್ಮ ಕೈಯಲ್ಲಿಲ್ಲದಿದ್ದರೂ ಉದಯವಾದಾಗ ನಮ್ಮ ಪರಿಣಾಮ ಹೇಗಿರಬೇಕೆಂಬುದು ನಮ್ಮ ಪುರುಷಾರ್ಥಕ್ಕೆ ಸೇರಿದ್ದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರ್ತಧ್ಯಾನವನ್ನು ನಾಲ್ಕು ವಿಧವಾಗಿ ಹೇಳಿದ್ದಾರೆ. ಬೇಡವಾದುದು ಬಂದಾಗಿನ ಚಿಂತೆ, ಬೇಕಾದುದು ಅಗಲಿದಾಗಿನ ಚಿಂತೆ, ವೇದನೆಯ ಚಿಂತೆ ಮತ್ತು ನಿದಾನ. ಎದೆ ಬಡಿಯುವುದು ಅಸಾತಾ ವೇದನೀಯದ ಫಲ. "ಮತ್ತೆ ಬಂದಿತೇ? ನಿನ್ನೆಗಿಂತ ಹೆಚ್ಚೇ? ನಾಳೆಯೂ ಬಂದರೇನು ಗತಿ?" ಎಂದು ಅದನ್ನೇ ಕಾಯುತ್ತಾ ಕೂರುವುದು ವೇದನಾ ಆರ್ತಧ್ಯಾನ. ಮೊದಲನೆಯದು ಹಳೆಯ ಸಾಲ ತೀರುವಂತೆ ತೀರುತ್ತದೆ. ಎರಡನೆಯದು ಹೊಸ ಸಾಲವನ್ನು ಮಾಡಿಸುತ್ತದೆ. ವೈದ್ಯರೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ: ಭಯದ ಲಕ್ಷಣಕ್ಕೆ ಹೆದರಿದಷ್ಟೂ ಆ ಲಕ್ಷಣ ಹೆಚ್ಚುತ್ತದೆ.

ಇದಕ್ಕೆ ನಮ್ಮ ಪರಂಪರೆಯು ಕೊಟ್ಟಿರುವ ಸಾಧನವೇ ಷಡಾವಶ್ಯಕಗಳಲ್ಲೊಂದಾದ ಕಾಯೋತ್ಸರ್ಗ. ಕಾಯದಲ್ಲಿರುವ ಮಮಕಾರವನ್ನು ನಿಯಮಿತ ಕಾಲದವರೆಗೆ ಬಿಡುವುದೇ ಕಾಯೋತ್ಸರ್ಗ. ದೇಹವನ್ನು ಗದರಿಸುವುದಾಗಲಿ, ನಡುಕವನ್ನು ಬಲವಂತವಾಗಿ ಅಡಗಿಸುವುದಾಗಲಿ ಇಲ್ಲಿಲ್ಲ. "ಎದೆ ಬಡಿಯುತ್ತಿದೆ, ನಾನು ಅದನ್ನು ತಿಳಿಯುತ್ತಿದ್ದೇನೆ, ತಿಳಿಯುವುದು ನನ್ನ ಸ್ವಭಾವ, ಬಡಿಯುವುದು ದೇಹದ ಸ್ವಭಾವ" ಎಂಬ ಜ್ಞಾತೃಭಾವದಲ್ಲಿ ನಿಲ್ಲಬೇಕು.

ವಿಧಾನ ಎಲ್ಲರಿಗೂ ಪರಿಚಿತವಾದುದೇ. ಪಾದಗಳ ನಡುವೆ ನಾಲ್ಕಂಗುಲ ಅಂತರವಿಟ್ಟು, ತೋಳುಗಳನ್ನು ಇಳಿಬಿಟ್ಟು ನಿಲ್ಲುವುದು. ಒಂಬತ್ತು ಬಾರಿ ಪಂಚನಮಸ್ಕಾರ ಮಂತ್ರವನ್ನು 27 ಉಚ್ಛ್ವಾಸಗಳಲ್ಲಿ ಮನಸ್ಸಿನಲ್ಲಿಯೇ ಜಪಿಸುವುದು. ಒಂದು ಮಂತ್ರಕ್ಕೆ ಮೂರು ಉಸಿರು: ಮೊದಲ ಉಸಿರನ್ನು ಒಳಗೆಳೆಯುವಾಗ ಅರಹಂತರಿಗೆ, ಬಿಡುವಾಗ ಸಿದ್ಧರಿಗೆ, ಎರಡನೆಯದನ್ನು ಎಳೆಯುವಾಗ ಆಚಾರ್ಯರಿಗೆ, ಬಿಡುವಾಗ ಉಪಾಧ್ಯಾಯರಿಗೆ, ಮೂರನೆಯ ಉಸಿರು ಪೂರ್ತಿಯಾಗಿ ಲೋಕದ ಸರ್ವಸಾಧುಗಳಿಗೆ. ಪ್ರತಿಕ್ರಮಣದ ಕಾಯೋತ್ಸರ್ಗಕ್ಕೆ ರಾತ್ರಿಯದಾದರೆ 54, ಹಗಲಿನದಾದರೆ 108 ಉಚ್ಛ್ವಾಸಗಳೆಂದು ಮೂಲಾಚಾರದಲ್ಲಿ ಪ್ರಮಾಣವಿದೆ.

ನಮ್ಮಲ್ಲಿ ಅನೇಕರು ಆ ಒಂಬತ್ತು ಜಪಗಳನ್ನು ಅರ್ಧ ನಿಮಿಷದಲ್ಲಿ ಮುಗಿಸಿ ಕೈಮುಗಿಯುತ್ತೇವೆ. ಸಾವಧಾನವಾಗಿ, ಒಂದು ಉಸಿರಿಗೆ ಹತ್ತು ಸೆಕೆಂಡುಗಳಂತೆ ಮಾಡಿದರೆ 27 ಉಸಿರುಗಳಿಗೆ ನಾಲ್ಕೂವರೆ ನಿಮಿಷ ಬೇಕಾಗುತ್ತದೆ. ಮನುಷ್ಯನು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾನೆ. ಅದು ಆರಕ್ಕೆ ಇಳಿದಾಗ, ವಿಶೇಷವಾಗಿ ಉಸಿರನ್ನು ಬಿಡುವ ಕಾಲ ದೀರ್ಘವಾದಾಗ, ಹೃದಯದ ವೇಗವನ್ನು ತಗ್ಗಿಸುವ ವೇಗಸ್ ಎಂಬ ನರದ ಪ್ರಭಾವ ಹೆಚ್ಚುತ್ತದೆಂದು ಶರೀರಶಾಸ್ತ್ರವು ಹೇಳುತ್ತದೆ. ಎದೆಯುಬ್ಬಿಸಿ ಬಲವಾಗಿ ಎಳೆಯಬೇಕಾಗಿಲ್ಲ. ಮೆಲ್ಲಗೆ ಎಳೆದು ಇನ್ನೂ ಮೆಲ್ಲಗೆ ಬಿಟ್ಟರೆ ಸಾಕು. ಹತ್ತು ಸೆಕೆಂಡು ಕಷ್ಟವಾದವರು ಏಳೆಂಟಕ್ಕೆ ಮಾಡಲಿ. ಇದನ್ನು ನೆಮ್ಮದಿಯಿರುವಾಗಲೇ ಪ್ರತಿದಿನ ಅಭ್ಯಾಸ ಮಾಡತಕ್ಕದ್ದು. ನೇತ್ರಾವತಿಗೆ ನೆರೆ ಬಂದ ದಿನ ಈಜು ಕಲಿಯಲಾಗದು. ಮತ್ತು, ಜಪ ಮುಗಿಯುವುದರೊಳಗೆ ಬಡಿತ ನಿಂತೇ ತೀರಬೇಕೆಂದು ಫಲವನ್ನು ಕಾಯುತ್ತಾ ನಿಂತರೆ ಮನಸ್ಸು ಮತ್ತೆ ಚಿಂತೆಗೇ ಬೀಳುತ್ತದೆ.

ಕಾಲು ನಡುಗುತ್ತಿರುವಾಗ ನಿಲ್ಲುವುದು ಹೇಗೆ? ಲತೆಯಂತೆ ಅಲುಗುವುದು, ಗೋಡೆಗೆ ಒರಗುವುದು ಇವೆಲ್ಲ ಕಾಯೋತ್ಸರ್ಗದ 32 ದೋಷಗಳಲ್ಲಿ ಸೇರಿವೆಯಲ್ಲ ಎಂದು ಸಂಕೋಚಪಡುವವರಿಗಾಗಿ ಮೂಲಾಚಾರವು ಹೇಳಿರುವ ನಾಲ್ಕು ಭೇದಗಳನ್ನು ನೆನಪಿಸುತ್ತೇನೆ. ದೇಹದಿಂದಲೂ ನಿಂತು ಶುಭಧ್ಯಾನದಿಂದಲೂ ಎದ್ದಿರುವವನದು ಉತ್ಥಿತೋತ್ಥಿತ. ದೇಹ ನಿಂತಿದ್ದು ಮನಸ್ಸು ಆರ್ತ-ರೌದ್ರಗಳಲ್ಲಿ ಕುಸಿದಿದ್ದರೆ ಉತ್ಥಿತನಿವಿಷ್ಟ. ದೇಹ ಕುಳಿತಿದ್ದರೂ ಮನಸ್ಸು ಧರ್ಮಧ್ಯಾನದಲ್ಲಿ ಎದ್ದಿದ್ದರೆ ಉಪವಿಷ್ಟೋತ್ಥಿತ. ಎರಡೂ ಕುಳಿತಿದ್ದರೆ ಉಪವಿಷ್ಟನಿವಿಷ್ಟ. ಶಕ್ತಿಯಿಲ್ಲದವನು ಕುಳಿತು ಮಾಡಲಿ. ಶುಭಧ್ಯಾನವಿದ್ದರೆ ಅವನನ್ನು ಎದ್ದವನೆಂದೇ ಆಚಾರ್ಯರು ಕರೆದಿದ್ದಾರೆ. ನಿಂತವರನ್ನೂ ಅವರು ಮನಸ್ಸನ್ನು ನೋಡಿಯೇ ಎಣಿಸಿದ್ದಾರೆ.

ಈ ವಿವೇಕವನ್ನು ಉಪವಾಸಕ್ಕೂ ಅನ್ವಯಿಸಬೇಕು. ಊಟವನ್ನು ಬಿಟ್ಟು ಇಡೀ ದಿನ ಚಿಂತೆಯಲ್ಲಿ ಬೇಯುವವನ ಉಪವಾಸ ಉತ್ಥಿತನಿವಿಷ್ಟಕ್ಕೆ ಸಮಾನ. ತೀರ್ಥಂಕರ ನಾಮಕರ್ಮದ ಆಸ್ರವಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಆಚಾರ್ಯರು "ಶಕ್ತಿತಃ" ಎಂಬ ವಿಶೇಷಣವನ್ನು ಕೂಡಿಸಿದ್ದಾರೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು. ನೀರನ್ನೂ ಬಿಟ್ಟಾಗ ದೇಹದ ದ್ರವಾಂಶ ಕಡಿಮೆಯಾಗಿ ನಾಡಿ ವೇಗವಾಗುತ್ತದೆ. ರಕ್ತದಲ್ಲಿ ಸಕ್ಕರೆಯ ಅಂಶ ಇಳಿದರೆ ಬೆವರು, ನಡುಕ ಬರುತ್ತವೆ. ದಿನವೂ ಕಾಫಿ-ಚಹಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ತಲೆನೋವು, ತಳಮಳ ಉಂಟಾಗುತ್ತವೆ. ಇವೆಲ್ಲ ಭಯದ ಲಕ್ಷಣಗಳನ್ನೇ ಹೋಲುವುದರಿಂದ, ಮೊದಲೇ ಚಿಂತೆಯಲ್ಲಿರುವವರು ಗಾಬರಿಗೊಳ್ಳುತ್ತಾರೆ. ಆದುದರಿಂದ ಅಂಥವರು ಗುರುಗಳ ಸಮ್ಮತಿಯಿಂದ ಉಪವಾಸಕ್ಕೆ ಬದಲಾಗಿ ಏಕಭುಕ್ತವನ್ನೋ ರಸತ್ಯಾಗವನ್ನೋ ಹಿಡಿಯಬಹುದು. ಕಾಫಿಯನ್ನು ನೋಂಪಿಗೆ ಒಂದು ವಾರ ಮೊದಲಿನಿಂದಲೇ ಕ್ರಮವಾಗಿ ಕಡಿಮೆ ಮಾಡಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರೂ ರಕ್ತದೊತ್ತಡದವರೂ ವೈದ್ಯರನ್ನು ಕೇಳದೆ ಉಪವಾಸದ ಪ್ರತಿಜ್ಞೆ ಮಾಡಬಾರದು.

ರತ್ನಕರಂಡಕ ಶ್ರಾವಕಾಚಾರವನ್ನು ನಮಗೆ ಕೊಟ್ಟ ಸಮಂತಭದ್ರಾಚಾರ್ಯರ ವಿಷಯದಲ್ಲಿ ಪರಂಪರೆಯಿಂದ ಬಂದ ಕಥೆಯೊಂದುಂಟು. ಅವರಿಗೆ ಭಸ್ಮಕ ವ್ಯಾಧಿ ತಗುಲಿದಾಗ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ವೇಷವನ್ನು ಬಿಟ್ಟಾದರೂ ಮೊದಲು ರೋಗವನ್ನು ಶಮನ ಮಾಡಿಕೊಳ್ಳಬೇಕೆಂದೂ ಆಮೇಲೆ ಮತ್ತೆ ದೀಕ್ಷೆಯನ್ನು ಸ್ವೀಕರಿಸಬೇಕೆಂದೂ ಆಜ್ಞಾಪಿಸಿದರು. ಅವರು ಹಾಗೆಯೇ ಮಾಡಿದರು. ಧರ್ಮಪ್ರಭಾವನೆಯೂ ಅವರಿಂದಲೇ ಆಯಿತು. ಮಹಾಮುನಿಗಳಿಗೇ ಚಿಕಿತ್ಸೆ ಮೊದಲಾದಾಗ ಗೃಹಸ್ಥರಿಗೆ ನಾಚಿಕೆಯೇಕೆ?

ಎದೆಯ ಎಲ್ಲ ತೊಂದರೆಗಳೂ ಭಯದಿಂದಲೇ ಬರುವುದಿಲ್ಲ. ಎದೆಯನ್ನು ಹಿಂಡಿದಂತೆ ನೋವು ಬಂದು ಎಡತೋಳಿಗೋ ದವಡೆಗೋ ಹರಡಿದರೆ, ನಡೆಯುವಾಗ ಹೆಚ್ಚಿದರೆ, ಪ್ರಜ್ಞೆ ತಪ್ಪಿದರೆ, ಜಪ ಮಾಡುತ್ತಾ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು. ಉಪವಾಸವಿದ್ದರೂ ಹೋಗತಕ್ಕದ್ದು. ರಕ್ತಹೀನತೆಯಿಂದಲೂ ಥೈರಾಯಿಡ್ ಗ್ರಂಥಿಯ ಅತಿಕ್ರಿಯೆಯಿಂದಲೂ ಎದೆ ಬಡಿಯುವುದುಂಟು. ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ದೋಷವಿಲ್ಲವೆಂದು ವೈದ್ಯರು ಹೇಳಿದ ಮೇಲೂ ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಬಸದಿಗೆ ಹೋಗಲೂ ಹೆದರಿಕೆಯಾದರೆ, ಬದುಕೇ ಬೇಡವೆನಿಸಿದರೆ ಮನೋವೈದ್ಯರನ್ನು ಕಾಣಬೇಕು. ಭಾರತ ಸರ್ಕಾರವು 2022ರಲ್ಲಿ ಪ್ರಾರಂಭಿಸಿದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ನಮ್ಮ ಉಜಿರೆಯಲ್ಲಿಯೇ 1989ರಿಂದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಕಾಲೇಜಿದೆ. ಆ ಪದ್ಧತಿಯಲ್ಲಿ ಉಪವಾಸಕ್ಕೂ ಸ್ಥಾನವುಂಟು. ಆದರೆ ರೋಗಿಯ ಶಕ್ತಿಯನ್ನು ಪರೀಕ್ಷಿಸಿದ ಮೇಲೆಯೇ ಅದನ್ನು ವಿಧಿಸುವುದು ಕ್ರಮ. ಇದೂ "ಶಕ್ತಿತಃ" ಎಂಬ ಮಾತಿಗೆ ಒಪ್ಪುವಂಥದೇ.

ಮನೆಯವರ ಕರ್ತವ್ಯವನ್ನು ಹೇಳದಿದ್ದರೆ ಈ ವಿಚಾರ ಪೂರ್ಣವಾಗದು. ಧರ್ಮಸ್ಥಳ ಕ್ಷೇತ್ರವು ಅನ್ನ, ಔಷಧ, ವಿದ್ಯಾ, ಅಭಯ ಎಂಬ ಚತುರ್ವಿಧ ದಾನಗಳಿಗೆ ಹೆಸರಾಗಿದೆ. ಈ ದಾನಗಳು ಕ್ಷೇತ್ರದಲ್ಲಿ ಮಾತ್ರವೇ ನಡೆಯಬೇಕೆಂದಿಲ್ಲ. ಹೆದರಿದವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗುವುದು ಔಷಧದಾನ. "ನಿನ್ನ ಶ್ರದ್ಧೆ ಸಾಲದು" ಎನ್ನದೆ ಪಕ್ಕದಲ್ಲಿ ಕುಳಿತು, ಅವರೊಡನೆ ತಾನೂ 27 ಉಸಿರುಗಳನ್ನು ಎಣಿಸುವುದು ಅಭಯದಾನ.

1432ರಲ್ಲಿ ಕಾರ್ಕಳದಲ್ಲಿ, 1604ರಲ್ಲಿ ವೇಣೂರಿನಲ್ಲಿ, 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠೆಗೊಂಡ ಬಾಹುಬಲಿ ಸ್ವಾಮಿಯ ಬಿಂಬಗಳನ್ನು ನಾವೆಲ್ಲ ಎಷ್ಟೋ ಬಾರಿ ದರ್ಶನ ಮಾಡಿದ್ದೇವೆ. ಮೂರೂ ಕಾಯೋತ್ಸರ್ಗದಲ್ಲಿಯೇ ನಿಂತಿವೆ. ಬಳ್ಳಿ ಹಬ್ಬಿದರೂ ಅಲುಗದೆ ಒಂದು ವರ್ಷ ನಿಂತ ಆ ಮಹಾತ್ಮನ ಮನಸ್ಸಿನಲ್ಲಿಯೂ ಅಣ್ಣನಿಗೆ ತನ್ನಿಂದ ಕ್ಲೇಶವಾಯಿತಲ್ಲ ಎಂಬ ಎಳೆಯೊಂದು ಉಳಿದಿತ್ತೆಂದೂ, ಭರತನು ತಾನಾಗಿ ಬಂದು ಪೂಜಿಸಿದಾಗ ಅದು ಕಳಚಿ ಕೇವಲಜ್ಞಾನವು ಪ್ರಕಟವಾಯಿತೆಂದೂ ಜಿನಸೇನಾಚಾರ್ಯರ ಆದಿಪುರಾಣದಿಂದ ತಿಳಿಯುತ್ತದೆ. ವಜ್ರದಂಥ ದೇಹವುಳ್ಳವನ ಬಳಿಗೂ ಒಬ್ಬ ಭರತನು ಬರಬೇಕಾಯಿತು. ನಮ್ಮ ಮನೆಯ ಕತ್ತಲೆಯ ಕೋಣೆಯಲ್ಲಿ ಎದೆ ಹಿಡಿದುಕೊಂಡು ಕುಳಿತವರ ಬಳಿಗೆ ಯಾರು ಹೋಗುತ್ತಾರೆ?

ಬರುವ ನೋಂಪಿಯ ಸಂಕಲ್ಪವನ್ನು ಮಾಡುವ ಮುನ್ನ ಪ್ರತಿಯೊಂದು ಮನೆಯಲ್ಲಿಯೂ ಹಿರಿಯರು ಕಿರಿಯರನ್ನು ಒಮ್ಮೆ ಕೇಳಲಿ: "ರಾತ್ರಿ ನಿದ್ರೆ ಬರುತ್ತದೆಯೇ ಮಗಾ? ಎದೆಯಲ್ಲಿ ಏನಾದರೂ ಭಾರವುಂಟೇ?" ಕಿರಿಯರೂ ಹಿರಿಯರನ್ನು ಕೇಳಲಿ. ಉತ್ತರವನ್ನು ಕೇಳಿದ ನಂತರ ಶಕ್ತಿಗೆ ತಕ್ಕ ವ್ರತವನ್ನು ಹಿಡಿಯೋಣ. ನಿಲ್ಲಬಲ್ಲವರು ನಿಲ್ಲಲಿ, ಕುಳಿತವರು ಕುಳಿತಲ್ಲಿಯೇ ಏಳಲಿ. ಸರ್ವಜೀವಿಗಳೂ ನಿರ್ಭಯರಾಗಲಿ.

ಭದ್ರಂ ಶುಭಂ ಮಂಗಳಂ.